ಆಮೆ ಕಂಡ ಕಡಲು

೧೯೮೧ ಸೆಪ್ಟೆಂಬರ್ ೩, ಗುರುವಾರ

ಬೆಳಗಿನ ಬಸ್ಸಿಗೆ ಚನ್ನಗಿರಿ ಬಿಟ್ಟು ಸೂಳೆಕೆರೆಯ ದಂಡೆಯ ಅಕ್ಕನ ಊರಿಗೆ ಬಂದೆ. ಕೈಯಲ್ಲೊಂದು ಟ್ರಂಕು, ಕೊರಳಲ್ಲೊಂದು ಪಾಟಿ. ಮೂವತ್ತೆಂಟು ವರ್ಷದ ಮೇಡಂ ಒಂದನೇ ತರಗತಿ ಮಗುವಿನ ಹಾಗೆ ಪಾಟಿ ನೇತುಹಾಕಿಕೊಂಡು ಕೂತಿದ್ದನ್ನು ನೋಡಿ ಕಂಡಕ್ಟರು ನಕ್ಕ. ಬಾಯಿ ಇದ್ದಿದ್ದರೆ ಅವನಿಗೆ ಅಲ್ಲೇ ಮಂಗಳಾರತಿ ಮಾಡುತ್ತಿದ್ದೆ. ‘ನಗುವುದು ಆಮೇಲೆ, ಚಿಲ್ಲರೆ ಕೊಡಿ’ ಎಂದು ಬರೆದು ತೋರಿಸುವಷ್ಟರಲ್ಲಿ ಅವನು ಹಿಂದಿನ ಸೀಟಿಗೆ ಹೋಗಿದ್ದ.

ಗಂಟಲಲ್ಲಿ ಎರಡು ಗಂಟು ಬೆಳೆದಿದ್ದವು. ಹದಿನಾರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕಿರುಚಿದ್ದರ ಫಲವಂತೆ. ದಾವಣಗೆರೆಯ ಡಾಕ್ಟರು ಸೋಮವಾರ ಕತ್ತರಿಸಿ ತೆಗೆದರು. ನಲವತ್ತು ದಿನ ಪಿಸುಮಾತೂ ಕೂಡದು, ನಲವತ್ತನೇ ದಿನ ಬಾಯಿ ತೆರೆದಾಗ ದನಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ದನಿ ಬಾರದ ಮೇಡಂ ಪಾಠ ಮಾಡುವುದು ಹೇಗೆ? ಹೆಡ್‌ಮಾಸ್ತರು ತಿಪ್ಪೇರುದ್ರಸ್ವಾಮಿಯವರು ಆಗಲೇ ದಾರಿ ಹುಡುಕಿದ್ದಾರೆ. ಜಗಳೂರಿನಲ್ಲಿ ಯಾವುದೋ ಆಫೀಸಿನ ಕಾಗದ ಪತ್ರ ನೋಡುವ ಕುರ್ಚಿಯೊಂದು ಖಾಲಿ ಇದೆಯಂತೆ. ಮಕ್ಕಳಿಲ್ಲದ ಕೋಣೆಯಲ್ಲಿ ರಿಜಿಸ್ಟರು ನೋಡುತ್ತ ಮುದುಕಿಯಾಗುವುದನ್ನು ನೆನೆದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಅಕ್ಕ ಶಿವಗಂಗಮ್ಮ ಬಸ್ಸಿನಿಂದ ಇಳಿಸಿಕೊಂಡಾಗಿನಿಂದ ಮಾತಾಡುತ್ತಲೇ ಇದ್ದಾಳೆ. ಎಮ್ಮೆ, ಉಪ್ಪಿನಕಾಯಿ, ನ್ಯಾಮತಿಯ ನಾದಿನಿ, ಹೊನ್ನಾಳಿ ಹಾಸ್ಟೆಲಿನಲ್ಲಿರುವ ಮಗ, ಮತ್ತೆ ಎಮ್ಮೆ. ಭಾವ ಬೆನಕಪ್ಪನವರು ಕೆರೆಯ ತೂಬು ಎತ್ತಿ ಇಳಿಸಿ ನೀರು ಬಿಡುವ ಕೆಲಸದವರು, ಮಾತು ಕಡಿಮೆ. ಪಾಟಿ ಇವರಿಗೆ, ಈ ನೋಟ್‌ಬುಕ್ಕು ನನಗೊಬ್ಬಳಿಗೆ. ಅಕ್ಕನ ಓದು ಮೂರನೇ ತರಗತಿಗೇ ಮುಗಿದದ್ದು, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವಳಿಗೆ ಬೇಜಾರಾಗುತ್ತದೆ.

ಮೂರು ದಿನ ಮುಗಿಯಿತು. ಮೂವತ್ತೇಳು ಉಳಿಯಿತು.

ಸೆಪ್ಟೆಂಬರ್ ೫, ಶನಿವಾರ

ಇವತ್ತು ಶಿಕ್ಷಕರ ದಿನಾಚರಣೆ. ನನಗೆ ಕೊಡಬೇಕಾದ ಹೂವನ್ನು ಹುಡುಗಿಯರು ಯಾರಿಗೆ ಕೊಟ್ಟರೋ. ಏಳನೇ ತರಗತಿಯವರು ಬೆನ್ನ ಹಿಂದೆ ನನ್ನನ್ನು ಶಾಂತಾದೇವಿ ಮೇಡಂ ಅನ್ನುವುದಿಲ್ಲ, ಸೈರನ್ನು ಅನ್ನುತ್ತಾರೆ. ಗೊತ್ತಿದೆ ನನಗೆ.

ಅಕ್ಕನ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಉತ್ತರ ಕೊಡುವಂತಿದ್ದರೆ ನಡುವೆ ತಡೆಯಬಹುದಿತ್ತು. ಈಗ ಅವಳಿಗೆ ತಡೆಯೇ ಇಲ್ಲ. ನನ್ನ ಜೊತೆ ಸಾಲದೆಂದು ಬೆಳಿಗ್ಗೆ ಎದ್ದ ಕೂಡಲೇ ಹಿತ್ತಿಲ ಬಾವಿಗೆ ಬಗ್ಗಿ ಅಲ್ಲೂ ಮಾತಾಡುತ್ತಾಳೆ. ಬಾವಿಯಲ್ಲಿ ಒಂದು ಆಮೆ ಇದೆ. ಹುಳ ಹುಪ್ಪಟೆ ತಿಂದು ನೀರು ತಿಳಿಯಾಗಿಡುತ್ತದೆಂದು ಇಲ್ಲಿ ಬಾವಿ ತೋಡಿದವರು ಕೆರೆಯಿಂದ ಒಂದು ಆಮೆ ತಂದು ಬಿಡುತ್ತಾರೆ. ಅಕ್ಕ ಒಂದು ಹಿಡಿ ಅನ್ನ ಹಾಕಿ, “ಏಳೋ, ಹೊತ್ತಾತು” ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಕಪ್ಪು ನೀರಿನಿಂದ ಕಪ್ಪು ತಲೆಯೊಂದು ಮೇಲೆ ಬರುತ್ತದೆ. ಅಷ್ಟು ಆಳದಲ್ಲಿ ಆಕಾಶದ ಒಂದು ತಟ್ಟೆ, ಅದರ ನಡುವೆ ಆ ತಲೆ. ನಾನೂ ಸ್ವಲ್ಪ ಹೊತ್ತು ನೋಡುತ್ತ ನಿಂತೆ.

ಸೆಪ್ಟೆಂಬರ್ ೯, ಬುಧವಾರ

ಹೆಡ್‌ಮಾಸ್ತರ ಪತ್ರ ಬಂತು. ವಾರ್ಷಿಕೋತ್ಸವಕ್ಕೆ ಯಾವಾಗಿನಂತೆ ಸಮುದ್ರ ಮಥನದ ನಾಟಕ ಇದೆ, ‘ತಾವು ಈ ಸಲ ವಿಶ್ರಾಂತಿ ಪಡೆಯಿರಿ’ ಎಂದು ಬರೆದಿದ್ದಾರೆ. ನನ್ನ ನಾಟಕಕ್ಕೆ ನಾನು ಬೇಡವಂತೆ! ನಾಲ್ಕು ರೊಟ್ಟಿ ತಿನ್ನುವ ಹಸಿವು ಇಂಗಿ ಹೋಯಿತು.

ಆ ನಾಟಕದಲ್ಲಿ ಎಲ್ಲರಿಗೂ ಮಾತಿದೆ. ದೇವತೆಗಳು ಒಂದು ಕಡೆ, ರಾಕ್ಷಸರು ಒಂದು ಕಡೆ, ಹಾವಿನ ಹಗ್ಗ, ಬೆಟ್ಟದ ಕಡೆಗೋಲು. ಕಡಲು ಕಡೆಯುವಾಗ ಬೆಟ್ಟ ಮುಳುಗಿತು, ಆಮೆ ಕೆಳಗೆ ಹೋಗಿ ಬೆನ್ನು ಕೊಟ್ಟಿತು. ಆಮೇಲೆ ಆನೆ, ಕುದುರೆ, ಲಕ್ಷ್ಮಿ, ವಿಷ, ಕೊನೆಗೆ ಅಮೃತ. ನಮ್ಮವ್ವ ಈ ಕಥೆ ಹೇಳುವಾಗ ವಿಷ ಕುಡಿದ ಶಿವನೇ ದೊಡ್ಡವನು. ಅವನ ಗಂಟಲಲ್ಲಿ ವಿಷ ನಿಂತಿತು, ನನ್ನ ಗಂಟಲಲ್ಲಿ ಎರಡು ಗಂಟು ನಿಂತವು. ಆಮೆಗೆ ಮಾತ್ರ ನಾನು ಒಂದು ಸಾಲೂ ಕೊಟ್ಟಿಲ್ಲ. ಮಾತು ಬಾಯಿಗೆ ಬಾರದ ಹುಡುಗಿಯನ್ನು ಹಿಡಿದು ಬೆನ್ನಿಗೆ ಬಿದಿರುಬುಟ್ಟಿ ಕಟ್ಟಿ ಮಲಗಿಸುತ್ತಿದ್ದೆ. ಇವತ್ತು ನನಗೂ ಅದೇ ಗತಿ. ಬರೆಯುತ್ತೇನೆ, ನೋಡೋಣ.

‘ನಾನು ಆಮೆ. ನನ್ನ ಪಾಡಿಗೆ ನಿದ್ದೆ ಮಾಡುತ್ತಿದ್ದೆ. ಒಂದು ಮಾತು ಕೇಳಲಿಲ್ಲ, ಒಂದು ಕಾಗದ ಹಾಕಲಿಲ್ಲ, ಇಡೀ ಬೆಟ್ಟ ತಂದು ಬೆನ್ನ ಮೇಲಿಟ್ಟರು. ಮೇಲೆ ಒಂದೇ ಗಲಾಟೆ. ಎಳಿ ಅನ್ನುವವರು, ಬಿಡು ಅನ್ನುವವರು. ಕೆಳಗೊಬ್ಬ ಇದ್ದಾನೆ ಎಂದು ಒಬ್ಬರಿಗೂ ನೆನಪಿಲ್ಲ. ಆನೆ ಬಂದಾಗ ಚಪ್ಪಾಳೆ, ಕುದುರೆ ಬಂದಾಗ ಚಪ್ಪಾಳೆ. ನನ್ನ ಪಾಲು ಎಲ್ಲಿ?’

ಚೆನ್ನಾಗಿದೆ. ಹೆಡ್‌ಮಾಸ್ತರಿಗೆ ಕಳಿಸಬೇಕು.

ಸೆಪ್ಟೆಂಬರ್ ೧೨, ಶನಿವಾರ

ಇವತ್ತು ಇದನ್ನು ಬರೆಯಲೇಬೇಕು. ಗೋಡೆಯ ಗೂಡಿನಲ್ಲಿ ಬಾಚಣಿಗೆ ಹುಡುಕುವಾಗ ಜಡೆಗೆ ಕಟ್ಟುವ ಕೆಂಪು ಟೇಪು ಕೈಗೆ ಬಂತು. ರುದ್ರಾಣಿಯದು.

ರುದ್ರಾಣಿ ಅಕ್ಕನ ಮಗಳು. ಎಪ್ಪತ್ತಮೂರರ ದಸರಾ ರಜೆಯಲ್ಲಿ ಕೆರೆಗೆ ಬಿದ್ದು ಹೋದಳು. ಆಗ ಅವಳಿಗೆ ಆರು ವರ್ಷ. ಒಂದು ಜಡೆಯ ಟೇಪು ಮನೆಯಲ್ಲಿ ಬಿಚ್ಚಿಟ್ಟು, ಇನ್ನೊಂದು ಜಡೆಯದನ್ನು ಹಾಗೇ ಕಟ್ಟಿಕೊಂಡು ಹೋಗಿದ್ದಳಂತೆ.

ನಾನು ಬಂದದ್ದು ಮಣ್ಣು ಮಾಡಿದ ಮೂರನೇ ದಿನ. ಮನೆ ತುಂಬ ಹೆಂಗಸರು ಕೂತಿದ್ದರು. ಅಷ್ಟೂ ಜನರ ಎದುರಿಗೆ ಅಕ್ಕನಿಗೆ ಹೇಳಿದೆ, “ನಿನಗೆ ಊರವರ ಜೊತೆ ಹರಟೆ ಹೊಡೆಯೋದೇ ಹೆಚ್ಚಾಯ್ತು. ಮಗು ಎತ್ತ ಹೋಯ್ತು ಅಂತ ನೋಡಲಿಲ್ಲ.” ನನ್ನ ದನಿ ಆಗ ಮೂರು ಮನೆ ದಾಟಿ ಕೇಳುತ್ತಿತ್ತು. ಅಕ್ಕ ನನ್ನ ಮುಖ ನೋಡಿದಳು. ಬಾಯಿ ತೆರೆದಳು, ಏನೋ ಹೇಳಲಿದ್ದಳು, ಮತ್ತೆ ಮುಚ್ಚಿದಳು. “ಹೂಂ” ಅಂದಳು, ಅಷ್ಟೇ.

ಅಂದಿನಿಂದ ಈ ಮನೆಯಲ್ಲಿ ನಾನು ರಾತ್ರಿ ಉಳಿದಿರಲಿಲ್ಲ. ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಮಗುವಿನ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಭಾವ ಎತ್ತುವುದಿಲ್ಲ, ಲೋಕದ ಸುದ್ದಿಯನ್ನೆಲ್ಲ ಹೇಳುವ ಅಕ್ಕನೂ ಎತ್ತುವುದಿಲ್ಲ. ನಾನು ಅಂದದ್ದು ತಪ್ಪು ಎಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಇಲ್ಲ. ಅಷ್ಟು ಜನರ ಮುಂದೆ ಅಂದದ್ದು ತಪ್ಪಿರಬಹುದು.

ಟೇಪನ್ನು ಇದ್ದಲ್ಲೇ ಇಟ್ಟೆ. ಇಪ್ಪತ್ತೆಂಟು ದಿನ ಉಳಿಯಿತು.

ಸೆಪ್ಟೆಂಬರ್ ೧೬, ಬುಧವಾರ

ಎರಡು ದಿನ ಸೋನೆ ಹಿಡಿದಿತ್ತು, ಇವತ್ತು ಬಿಟ್ಟಿತು. ಮಧ್ಯಾಹ್ನ ಕೆರೆ ಏರಿಯ ಮೇಲೆ ಬಹಳ ದೂರ ನಡೆದೆ. ಮಂಜಿನಂಥ ಬಿಳುಪು ನೀರಿನ ಮೇಲೆ ಕೂತಿತ್ತು. ಆಚೆ ದಡ ಕಾಣಲಿಲ್ಲ, ಗುಡ್ಡಗಳು ಬುಡವಿಲ್ಲದೆ ತೇಲುತ್ತಿದ್ದವು. ಒಂದು ಹರಿಗೋಲು ಬಿಳುಪಿನೊಳಗೆ ಹೋಯಿತು, ಮತ್ತೆ ಬರಲಿಲ್ಲ, ಅದರ ಹುಟ್ಟಿನ ಸದ್ದು ಮಾತ್ರ ಬರುತ್ತಲೇ ಇತ್ತು. ನಾನು ಕಡಲು ನೋಡಿಲ್ಲ. ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ. ಹದಿನಾರು ವರ್ಷ ಮಕ್ಕಳಿಗೆ ಸಮುದ್ರದ ಕಥೆ ಹೇಳುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಈ ಕೆರೆಯೇ.

ಮಾತಾಡದೆ ಇದ್ದರೆ ಕಿವಿ ದೊಡ್ಡದಾಗುತ್ತದೋ ಏನೋ. ಕಲ್ಲಿನ ಸಂದಿಯಲ್ಲಿ ನೀರು ನೆಕ್ಕುವುದು, ಹುಲ್ಲಿನಲ್ಲಿ ಕಪ್ಪೆ ಉಸಿರಾಡುವುದು, ಎಲ್ಲ ಕೇಳಿಸಿತು. ಹಾಗೇ ಕಲ್ಲಿನ ಮೇಲೆ ಕೂತು ನಿದ್ದೆ ಹೋದೆ. ಎದ್ದಾಗ ನನ್ನ ಬೆನ್ನಿಗೆ ಬಿಸಿಲಿತ್ತು.

‘ಮೊದಲ ದಿನ ಸಿಟ್ಟು ಬಂದಿತ್ತು. ಎರಡನೇ ದಿನ ಬೆಟ್ಟ ತಿರುಗುವಾಗ ಬೆನ್ನು ಕೆರೆದಂತಾಯಿತು. ಎಷ್ಟೋ ಯುಗದಿಂದ ಕೈಗೆಟಕದ ಜಾಗದಲ್ಲಿ ತುರಿಕೆಯಿತ್ತು, ಅದು ಹೋಯಿತು. ಕಣ್ಣು ಮುಚ್ಚಿದೆ. ನೀರು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಮೇಲಿನವರ ಕೂಗು ಇಲ್ಲಿಗೆ ಬರುವಷ್ಟರಲ್ಲಿ ಬರೀ ಗುಂಯ್ ಎನ್ನುತ್ತಿತ್ತು. ದೇವರ ಕೂಗು ಯಾವುದು, ರಾಕ್ಷಸರ ಕೂಗು ಯಾವುದು, ಇಲ್ಲಿಂದ ತಿಳಿಯುವುದಿಲ್ಲ.’

ಇದನ್ನು ಹೆಡ್‌ಮಾಸ್ತರಿಗೆ ಕಳಿಸಿ ಏನು ಮಾಡುವುದು. ಇರಲಿ.

ಸೆಪ್ಟೆಂಬರ್ ೨೦, ಭಾನುವಾರ

ಮಜ್ಜಿಗೆಗೆ ಬರುವ ಗಾದ್ರಮ್ಮ ಇವತ್ತು ತುಂಬ ಹೊತ್ತು ಕೂತಿದ್ದಳು. ಹರಿಗೋಲಿನಲ್ಲಿ ಬಲೆ ಹಾಕುವವರ ಮನೆಯ ಮುದುಕಿ, ಮುಂದಿನ ಎರಡು ಹಲ್ಲಿಲ್ಲ. ಬಲೆಗೆ ಆಮೆ ಬಂದರೆ ಅವರು ಅರಿಸಿನ ಹಚ್ಚಿ ನೀರಿಗೆ ಬಿಡುತ್ತಾರಂತೆ. ಯಾಕೆ ಎಂದು ಪಾಟಿಯಲ್ಲಿ ಬರೆದೆ, ಭಾವ ಓದಿ ಹೇಳಿದರು. ಕೆರೆಯ ತಳದಲ್ಲಿರುವುದೆಲ್ಲ ಆಮೆಗೆ ಗೊತ್ತು, ನಮ್ಮವರು ಯಾರಾದರೂ ಅಲ್ಲಿದ್ದರೆ ನೋಡಿಕೊಳ್ಳಲಿ ಅಂತ ಎಂದಳು. ಅಕ್ಕ ಎದ್ದು ಒಲೆ ನೋಡಲು ಒಳಗೆ ಹೋದಳು. ಒಲೆ ಹಚ್ಚಿರಲಿಲ್ಲ.

ಅಕ್ಕ ಈಗ ನನಗೆ ಬೇರೆ ಥರದ ಮಾತು ಹೇಳುತ್ತಾಳೆ. ಮದುವೆಯಾದ ಹೊಸದರಲ್ಲಿ ಏರಿಯ ಮೇಲೆ ನಿಂತು ನೀರು ನೋಡಿ ಹೆದರಿ ಅತ್ತದ್ದು. ಭಾವ ತೂಬಿನ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡಾಗ ಒಂದು ತಿಂಗಳು ಅವರಿಗೆ ತುತ್ತು ಮಾಡಿ ತಿನ್ನಿಸಿದ್ದು, ಅದು ತನಗೆ ಎಷ್ಟು ಇಷ್ಟವಾಯಿತು ಎನ್ನುವುದು. ಹೇಳಿ ನಾಚಿಕೊಂಡಳು. ನನ್ನ ಅಕ್ಕ ಇಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ನಡುವೆ ಯಾವುದೋ ಹೆಸರು ಬರುವ ಜಾಗಕ್ಕೆ ಬಂದಾಗ ನಿಲ್ಲುತ್ತಾಳೆ, ಎಮ್ಮೆಯ ಸುದ್ದಿಗೆ ಹೋಗುತ್ತಾಳೆ. ಎಮ್ಮೆ ಯಾಕೆ ಅಷ್ಟು ಸಲ ಬರುತ್ತದೆ ಎಂದು ಇವತ್ತು ತಿಳಿಯಿತು.

ಸೆಪ್ಟೆಂಬರ್ ೨೪, ಗುರುವಾರ

ಏರಿಯ ಕಡೆ ಹೊರಟವಳು ಮೋಡ ನೋಡಿ ಕೊಡೆಗೆಂದು ವಾಪಸು ಬಂದೆ. ಹಿತ್ತಿಲಲ್ಲಿ ಅಕ್ಕ ಬಾವಿಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ಆಮೆಯ ಜೊತೆ ಮಾತಾಡುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಸೌದೆ ಒಟ್ಟಿದ್ದರ ಹಿಂದೆ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

“ನಿಮ್ಮಣ್ಣನ್ನ ನೋಡಾಕೆ ಹೋದ್ಲಲ್ಲಪ್ಪ ಅವಳು,” ಅನ್ನುತ್ತಿದ್ದಳು. “ಚಿಕ್ಕವ್ವ ಹೇಳಿದ ಆಮೆ. ಬೆಟ್ಟ ಹೊತ್ಕಂಡು ನೀರೊಳಗೆ ಕುಂತೈತೆ ಅಂತ. ‘ಅವ್ವ, ನೋಡ್ಕಂಡು ಬರ್ತೀನಿ’ ಅಂದ್ಲು. ಆಟಕ್ಕೆ ಅಂತೈತೆ ಮಗು ಅಂದ್ಕಂಡು ನಾನೂ ಹೂಂ ಅಂದೆ. ಹೂಂ ಅಂದ್ಬಿಟ್ಟೆ ನೋಡು.”

ಆಮೇಲೆ ಅಕ್ಕಿಯಲ್ಲಿ ಕಲ್ಲು ಹೆಚ್ಚು ಎಂದು ಅಂಗಡಿಯವನನ್ನು ಬೈಯತೊಡಗಿದಳು.

ನೆನಪಿದೆ. ಅದೇ ವರ್ಷದ ಬೇಸಿಗೆ ರಜೆ. ಏರಿಯ ಮೇಲೆ ನಾನು, ನನ್ನ ತೊಡೆಯ ಮೇಲೆ ರುದ್ರಾಣಿ. ಕಥೆ ಮುಗಿದ ಮೇಲೆ ಸಮುದ್ರ ಅಂದರೆ ಏನು ಎಂದು ಕೇಳಿದಳು. “ಇದೇ, ಇನ್ನು ಸ್ವಲ್ಪ ದೊಡ್ಡದು” ಅಂದೆ. ಆ ಆಮೆ ಈಗೆಲ್ಲಿದೆ ಎಂದಳು. ನಾನು ಕೆರೆಯ ಕಡೆ ಕೈ ತೋರಿಸಿದೆ. “ಇನ್ನೂ ಅಲ್ಲೇ ಇದೆ, ಕೆಳಗೆ” ಅಂದೆ. ಅವಳ ಕಣ್ಣು ಅರಳಿದ್ದು ನೋಡಿ ನನಗೆ ಹೆಮ್ಮೆಯಾಗಿತ್ತು.

ಸೆಪ್ಟೆಂಬರ್ ೨೫

ಜ್ವರ ಎಂದು ಪಾಟಿಯಲ್ಲಿ ಬರೆದು ಮಲಗಿದೆ. ಜ್ವರ ಇಲ್ಲ.

ಸೆಪ್ಟೆಂಬರ್ ೨೬

ಅಕ್ಕ ಮೆಣಸಿನ ಕಷಾಯ ಕಾಯಿಸಿ ತಂದು ಕುಡಿಸಿದಳು. ಹಣೆ ಮುಟ್ಟಿ ನೋಡಿದಳು. ಎಂಟು ವರ್ಷದ ಹಿಂದೆ ಅಷ್ಟು ಜನರ ಎದುರಿಗೆ ನಾನು ಅವಳನ್ನು ಅಂದಾಗ ಅವಳ ಬಾಯಲ್ಲಿ ಈ ಆಮೆಯ ಮಾತು ಇತ್ತು. ಒಂದೇ ಮಾತು. ಅದನ್ನು ಆಡಿದ್ದರೆ ನಾನು ಅಲ್ಲೇ ಸಾಯುತ್ತಿದ್ದೆ. ಅವಳು ಹೂಂ ಅಂದಳು.

ಅವಳು ಲೋಟ ತೆಗೆದುಕೊಂಡು ಹೋದ ಮೇಲೆ ಪಾಟಿಯಲ್ಲಿ ‘ಅಕ್ಕ, ಆ ಕಥೆ ಹೇಳಿದ್ದು ನಾನು’ ಎಂದು ಬರೆದೆ. ಅವಳ ಹೆಜ್ಜೆ ಸದ್ದು ಕೇಳಿ ಸೆರಗಿನಿಂದ ಅಳಿಸಿದೆ. ಇಂಥದ್ದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಲು ಅವಳ ಕೈಗೆ ಕೊಡುವುದೇ? ಬಾಯಿಂದಲೇ ಹೇಳಬೇಕು. ದನಿ ಬರದಿದ್ದರೆ? ಇಷ್ಟು ದಿನ ಶಾಲೆಗಾಗಿ ದನಿ ಬೇಕಿತ್ತು. ಈಗ ಇದಕ್ಕೆ ಬೇಕು, ಶಾಲೆ ಹಾಳಾಗಿ ಹೋಗಲಿ.

ಸೆಪ್ಟೆಂಬರ್ ೨೮, ಸೋಮವಾರ

ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ನಡುಮನೆಯಲ್ಲಿ ತೀರಿಹೋದವರಿಗೆ ಎಡೆ ಹಾಕಿ ಅವರವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟರು. ಭಾವನ ಅಪ್ಪನಿಗೆ ಪಂಚೆ, ಅವ್ವನಿಗೆ ಸೀರೆ. ಕೊನೆಯಲ್ಲಿ ಅಕ್ಕ ಒಂದು ಹಸಿರು ಲಂಗ, ದಾವಣಿ ತಂದು ಇಟ್ಟಳು. ಯಾರಿಗೆ ಎಂದು ಹೇಳಲಿಲ್ಲ.

ಮೊದಲು ನನಗೆ ತಿಳಿಯಲಿಲ್ಲ. ಆರು ವರ್ಷದ ಮಗುವಿಗೆ ದಾವಣಿ ಏಕೆ? ಊಟದ ನಂತರ ಅಕ್ಕ ಅದನ್ನು ಗಾದ್ರಮ್ಮನ ಮೊಮ್ಮಗಳಿಗೆ ಕೊಡುವಾಗ ಗಾದ್ರಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಪ್ರತಿ ವರ್ಷ ಒಂದು ಅಳತೆ ದೊಡ್ಡದು ತರುತ್ತಾಳಂತೆ. ಮೊದಲ ವರ್ಷ ಏಳು ವರ್ಷದವಳ ಫ್ರಾಕು, ಮರುವರ್ಷ ಎಂಟು ವರ್ಷದವಳದು. ಈಗ ಹದಿನಾಲ್ಕು. ನನ್ನ ಏಳನೇ ತರಗತಿಯ ದೊಡ್ಡ ಹುಡುಗಿಯರ ವಯಸ್ಸು. ಅವಳೂ ನನ್ನನ್ನು ಸೈರನ್ನು ಅನ್ನುತ್ತಿದ್ದಳೋ ಏನೋ.

ನಾನು ಹಿತ್ತಿಲಿಗೆ ಹೋಗಿ ಅತ್ತೆ. ಅಳುವಾಗ ದನಿ ಹೊರಡಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಬಾಯಿಗೆ ಸೆರಗು ತುರುಕಿಕೊಂಡೆ.

ಅಕ್ಟೋಬರ್ ೪, ಭಾನುವಾರ

ಇವತ್ತು ಎಷ್ಟನೇ ತಾರೀಕು ಎಂದು ಭಾವನನ್ನು ಕೇಳಬೇಕಾಯಿತು. ದಿನಗಳು ಒಂದರೊಳಗೊಂದು ಸೇರಿಕೊಳ್ಳುತ್ತಿವೆ. ಬೆಳಿಗ್ಗೆ ಆಮೆಗೆ ಅನ್ನ ಹಾಕುವ ಕೆಲಸ ಈಗ ನನ್ನದು. ಅಕ್ಕ ಪಕ್ಕದಲ್ಲಿ ಕೂತು ಅದಕ್ಕೂ ನನಗೂ ಒಟ್ಟಿಗೇ ಮಾತಾಡುತ್ತಾಳೆ. “ನೀವಿಬ್ರೂ ಒಂದೇ ನೋಡು,” ಎಂದಳು, “ಹೇಳಿದ್ದು ಹೇಳ್ದಂಗೆ ಒಳಗೆ ಇಟ್ಕಂತೀರಿ.” ಆಮೆ ಕತ್ತೆತ್ತಿ ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ.

‘ಮೇಲೆ ಬಂದದ್ದನ್ನು ಎಲ್ಲರೂ ನೋಡಿದರು, ಹಂಚಿಕೊಂಡರು. ಕೆಳಗೆ ಇಳಿದದ್ದನ್ನು ನೋಡಿದವನು ನಾನೊಬ್ಬನೇ. ಬೆಟ್ಟದ ಮರಗಳಿಂದ ಹಕ್ಕಿಗೂಡುಗಳು ಇಳಿದವು. ಹೂವು ಇಳಿಯುತ್ತ ಇಳಿಯುತ್ತ ಬಣ್ಣ ಬಿಟ್ಟವು. ಹಗ್ಗ ಎಳೆಯುವವರ ಬೆರಳಿನಿಂದ ಉಂಗುರಗಳು ಜಾರಿ ಬಂದು ನನ್ನ ಕಾಲ ಬಳಿ ಕೂತವು.

‘ಒಂದು ದಿನ ಎರಡು ಸಣ್ಣ ಪಾದ ಇಳಿದು ಬಂದವು. ಒಂದು ಜಡೆಯಲ್ಲಿ ಕೆಂಪು ಟೇಪು, ಇನ್ನೊಂದು ಬಿಚ್ಚಿಹೋಗಿತ್ತು. ನನ್ನ ಮುಖದ ಹತ್ತಿರ ಬಂದು, ನೀನೇನಾ ಅದು ಎಂದು ಕೇಳಿದಳು. ನಾನೇ ಅಂದೆ. ಸುತ್ತ ಒಂದು ಸುತ್ತು ಬಂದು ಬೆಟ್ಟ ನೋಡಿದಳು. ಭಾರ ಆಗಲ್ವಾ ಎಂದಳು. ಅಷ್ಟು ಯುಗದಲ್ಲಿ ನನ್ನನ್ನು ಆ ಮಾತು ಯಾರೂ ಕೇಳಿರಲಿಲ್ಲ. ಆಗುತ್ತೆ ಎಂದೆ. ನಾನೂ ಸ್ವಲ್ಪ ಹಿಡ್ಕೊಳ್ಳಲಾ ಎಂದು ಬೆಟ್ಟದ ಅಂಚಿಗೆ ಅಂಗೈ ಕೊಟ್ಟಳು.

‘ಈಗ ನನ್ನ ಮುಂಗಾಲಿನ ಹತ್ತಿರ ಮಲಗಿದ್ದಾಳೆ. ಮೇಲೆ ಕಡೆಯುವುದು ಎಂದೋ ಮುಗಿಯಿತಂತೆ. ಬೆಟ್ಟ ಇಳಿಸಿ ಬಾ ಎಂದರು. ಮಗು ಎದ್ದೀತು, ನಾನು ಅಲುಗಾಡುವುದಿಲ್ಲ ಎಂದೆ.’

ಅಕ್ಟೋಬರ್ ೯, ಶುಕ್ರವಾರ

ನಾಳೆ ನಲವತ್ತು. ಮನೆಗೆ ಬಂದವರೆಲ್ಲ ನನ್ನ ಮೊದಲ ಮಾತು ಏನಿರಬೇಕೆಂದು ಹೇಳಿಹೋಗುತ್ತಿದ್ದಾರೆ. ಅಕ್ಕನಿಗೆ ಶಿವನ ಹೆಸರು ಬೇಕು. ಭಾವ ಏನೂ ಬೇಡ, ಕೆಮ್ಮಿ ನೋಡಿ ಸಾಕು ಎಂದರು. ಗಾದ್ರಮ್ಮ ಮಾತ್ರ ಒಪ್ಪಲಿಲ್ಲ. ಅವರ ಮನೆಗಳಲ್ಲಿ ಕಾಯಿಲೆಯಲ್ಲಿ ಮಾತು ಕಳೆದುಕೊಂಡವರು ಮೊದಲ ಮಾತನ್ನು ಮನುಷ್ಯರಿಗೆ ಆಡುವುದಿಲ್ಲ, ನೀರಿಗೆ ಆಡುತ್ತಾರೆ. ಒಳಗೆ ಕೂತು ಕೂತು ಕಾದ ಮಾತು, ನೀರಿಗೆ ಬಿದ್ದು ತಣ್ಣಗಾಗಲಿ ಎಂದು. ಅಕ್ಕನಿಗೆ ಇದು ಹಿಡಿಸಿತು. ಬಾವಿಗೇ ಹೇಳಿಸೋಣ, ಆಮೆಗೂ ಕೇಳಿಸ್ತೈತೆ ಎಂದಳು.

ನನಗೆ ಹೆದರಿಕೆಯಾಗಿದೆ. ಹೇಳಬೇಕಾದ್ದನ್ನು ಹತ್ತು ಸಲ ಮನಸ್ಸಿನಲ್ಲಿ ಜೋಡಿಸಿದೆ. ‘ಅಕ್ಕ, ತಪ್ಪು ನನ್ನದು.’ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೇನೆ.

ಅಕ್ಟೋಬರ್ ೧೦, ಶನಿವಾರ

ಬೆಳಿಗ್ಗೆ ಎಂಟು ಗಂಟೆ. ಬಾವಿಕಟ್ಟೆಗೆ ಅಕ್ಕ ನೀರು ಚಿಮುಕಿಸಿ ರಂಗೋಲಿ ಎಳೆದಿದ್ದಳು. ಭಾವ ಇನ್ನೂ ತೂಬಿಗೆ ಹೋಗದೆ ಅಲ್ಲೇ ನಿಂತಿದ್ದರು. ಗಾದ್ರಮ್ಮ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ನಾನು ಕಟ್ಟೆಗೆ ಎದೆಯಾನಿಸಿ ಬಗ್ಗಿದೆ. ಕೆಳಗೆ ಆಕಾಶದ ತಟ್ಟೆ, ಅದರ ಅಂಚಿನಲ್ಲಿ ನನ್ನ ತಲೆ. ಸ್ವಲ್ಪ ಹೊತ್ತಿಗೆ ಇನ್ನೊಂದು ತಲೆ, ಚಿಕ್ಕದು, ಕಪ್ಪು, ಮೇಲೆ ಬಂತು. ಅನ್ನಕ್ಕೆ ಬಂದಿತ್ತು. ಅದು ಕತ್ತೆತ್ತಿ ಕಾಯತೊಡಗಿತು.

ಶಿವಾ ಎನ್ನಬೇಕಿತ್ತು. ಉಸಿರು ಎಳೆದುಕೊಂಡೆ. ಗಂಟಲು ತೆರೆಯಿತು. “ರುದ್ರಾಣಿ” ಅಂದೆ.

ದನಿ ಬಂತು. ನನ್ನದಲ್ಲ. ಸಣ್ಣದು, ಒರಟು, ಹೊಸ ಕಾಗದ ಹರಿದ ಹಾಗೆ. ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ಆದರೆ ಬಾವಿ ಅದನ್ನು ತೆಗೆದುಕೊಂಡು, ಗೋಡೆಗೆ ಗೋಡೆಗೆ ತಾಗಿಸಿ, ದೊಡ್ಡದು ಮಾಡಿ ಮೇಲಕ್ಕೆ ಕಳಿಸಿತು. ಮನೆಯಲ್ಲಿ ಎಂಟು ವರ್ಷ ಯಾರೂ ಕರೆಯದ ಹೆಸರು ಹಿ‌ತ್ತಿಲ ತುಂಬ ಕೇಳಿಸಿತು.

ಗಾದ್ರಮ್ಮನ ಬಾಯಿ ಎಲೆ ಅಡಿಕೆಯ ನಡುವೆ ನಿಂತುಹೋಯಿತು. ಭಾವ ಟವೆಲಿನಿಂದ ಮುಖ ಒರೆಸಿಕೊಂಡು ಎಮ್ಮೆಯ ಕಡೆ ತಿರುಗಿ ನಿಂತರು. ನನಗೆ ಅಕ್ಕನ ಮುಖ ನೋಡಲು ಧೈರ್ಯವಿರಲಿಲ್ಲ. ಅವಳು ಬಂದು ನನ್ನ ಪಕ್ಕದಲ್ಲಿ ಕಟ್ಟೆಗೆ ಬಗ್ಗಿದಳು. ಕೆಳಗಿನ ತಟ್ಟೆಯಲ್ಲಿ ಅವಳ ತಲೆಯೂ ಬಂತು.

“ಇನ್ನೊಂದ್ಸಲ ಕರಿ,” ಎಂದಳು.

ಕರೆದೆ. ಮೂರನೇ ಸಲ ಅವಳೇ ಕರೆದಳು. ಅವಳ ದನಿ ಗಟ್ಟಿ, ಬಾವಿಗೆ ಏನೂ ಮಾಡುವ ಕೆಲಸವಿರಲಿಲ್ಲ. ಆಮೆ ಹೆದರಿ ಒಳಗೆ ಹೋಯಿತು. ನಾವಿಬ್ಬರೂ ಕಟ್ಟೆ ಹಿಡಿದುಕೊಂಡು ಅತ್ತೆವು.

ಮಧ್ಯಾಹ್ನ ಅವಳು ಬೆಂಡೆಕಾಯಿ ಹೆಚ್ಚುವಾಗ ಹೇಳಿದೆ. ಜೋಡಿಸಿಟ್ಟುಕೊಂಡದ್ದು ಯಾವುದೂ ಬರಲಿಲ್ಲ. ಅವತ್ತು ಸೌದೆಯ ಹಿಂದೆ ನಿಂತು ಕೇಳಿದ್ದು ಹೇಳಿದೆ. ಕೆರೆಯ ಕಡೆ ಕೈ ತೋರಿಸಿದವಳು ನಾನೇ, ನನ್ನ ತಪ್ಪನ್ನು ನಿನ್ನ ಮೇಲೆ ಹೊರಿಸಿದೆ ಎಂದೆ. ಅವಳು ಹೆಚ್ಚುವುದು ನಿಲ್ಲಿಸಲಿಲ್ಲ. ಎಂಟು ವರ್ಷದ ಹಿಂದೆಯೇ ಯಾಕೆ ನನ್ನ ಮುಖಕ್ಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀನು ಮಕ್ಕಳಿಗೆ ಕಥೆ ಹೇಳೋದು ಬಿಟ್ಬಿಡ್ತಿದ್ದೆ,” ಎಂದಳು. “ಅವಳಿಗೆ ಬಾಳ ಇಷ್ಟ ಇತ್ತು, ನೀನು ಕಥೆ ಹೇಳೋದು.”

ಅಕ್ಟೋಬರ್ ೧೨, ಸೋಮವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ದನಿ ಇಷ್ಟೇ ಉಳಿಯಬಹುದು. ನಾಲ್ಕು ಜನ ಹತ್ತಿರ ಬಂದು ಕೂತರೆ ಕೇಳಿಸುತ್ತದೆ, ಐದನೆಯವರಿಗೆ ಇಲ್ಲ. ಇಷ್ಟರಲ್ಲಿ ತರಗತಿ ನಡೆಯುತ್ತದೋ, ಜಗಳೂರಿನ ಕುರ್ಚಿಯೋ, ಹೆಡ್‌ಮಾಸ್ತರು ಹೇಳಬೇಕು. ಹುಡುಗಿಯರನ್ನು ಹತ್ತಿರ ಕೂರಿಸಿಕೊಂಡು ನೋಡುತ್ತೇನೆ ಎಂದು ಅವರಿಗೆ ಹೇಳುವವಳಿದ್ದೇನೆ. ಅದೇ ಕಂಡಕ್ಟರು ಬಂದು ಪಾಟಿ ಎಲ್ಲಿ ಮೇಡಂ ಎಂದು ಕೇಳಿದ. ಅಕ್ಕನ ಮನೆಯಲ್ಲಿ ಬಿಟ್ಟು ಬಂದೆ ಎಂದೆ. ಕೇಳಿಸದೆ ಬಗ್ಗಿದ, ಮತ್ತೊಮ್ಮೆ ಹೇಳಿದೆ.

ನಿನ್ನೆ ಸಂಜೆ ಅಕ್ಕನಿಗೆ ಈ ನೋಟ್‌ಬುಕ್ಕಿನ ಆಮೆಯ ಕಥೆಯನ್ನು ಓದಿ ಹೇಳಿದ್ದೆ. ಮಗು ಬೆಟ್ಟಕ್ಕೆ ಅಂಗೈ ಕೊಡುವ ಜಾಗವನ್ನು ಎರಡು ಸಲ ಓದಿಸಿದಳು. ನಾನು ಇದನ್ನು ಶಾಲೆಯಲ್ಲಿ ಹೇಳುವುದಿಲ್ಲ, ಇದು ನಿನ್ನದು ಎಂದೆ.

ಇವತ್ತು ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡಳು. ರೊಟ್ಟಿಯ ಗಂಟು ಒಳಗೆ ತೂರಿಸಿದಳು.

“ಮಕ್ಕಳಿಗೆ ಆ ಕಥೆ ಹೇಳು,” ಎಂದಳು. “ಆದ್ರೆ ಆ ಆಮೆ ಬಾಳ ದೂರ ಐತೆ, ನಡ್ಕಂಡು ಹೋಗಾಕೆ ಆಗಲ್ಲ ಅಂತ ಮೊದ್ಲೇ ಹೇಳ್ಬಿಡು.”